ಪಿರಮಿಡ್ಡನ್ನು ಅಳೆದವನು

ಈಜಿಪ್ಟಿನ ರಾಜಧಾನಿಯಾದ ಕೈರೋ ನಗರದ ಪಶ್ಚಿಮಕ್ಕೆ, ನೈಲ್ ನದಿಯ ಹಸಿರು ಬಯಲು ಮುಗಿದು ಮರುಭೂಮಿ ತೊಡಗುವೆಡೆಯಲ್ಲಿ ಗೀಜಾ ಎಂಬ ಪ್ರಸ್ಥಭೂಮಿಯಿದೆ. ಅಲ್ಲಿ ತಲೆಯೆತ್ತಿ ನಿಂತಿರುವ ಮೂರು ದೊಡ್ಡ ಪಿರಮಿಡ್ಡುಗಳಲ್ಲಿ ಎಲ್ಲಕ್ಕಿಂತ ಹಿರಿದಾದುದು ಖುಫು ಎಂಬ ಅರಸನದು. ಸುಮಾರು 4600 ವರ್ಷಗಳ ಹಿಂದೆ ಕಟ್ಟಿದ ಈ ಕಲ್ಲಿನ ಬೆಟ್ಟವು ಮೊದಲಿಗೆ 146 ಮೀಟರಿಗೂ ಮಿಕ್ಕು ಎತ್ತರವಾಗಿತ್ತು. ಸುಮಾರು 23 ಲಕ್ಷ ಕಲ್ಲುಗಳು ಇದರಲ್ಲಿ ಸೇರಿವೆಯೆಂದು ಅಂದಾಜು ಮಾಡಲಾಗಿದೆ. ಇದರ ಒಡಲಿನಲ್ಲಿ ಗ್ರಾನೈಟ್ ಶಿಲೆಯಿಂದ ಕಟ್ಟಿದ ಒಂದು ಕೋಣೆ; ಆ ಕೋಣೆಯಲ್ಲಿ ಮುಚ್ಚಳವಿಲ್ಲದ ಒಂದು ಕಲ್ಲಿನ ತೊಟ್ಟಿ. ತೊಟ್ಟಿಯೊಳಗೆ ಅರಸನ ದೇಹವಿಲ್ಲ, ಒಡವೆಗಳಿಲ್ಲ. ಕೋಣೆಯ ಗೋಡೆಗಳ ಮೇಲೆ ಅವನ ಕೀರ್ತಿಯನ್ನು ಸಾರುವ ಒಂದು ಸಾಲೂ ಇಲ್ಲ.

ಬರಿದಾದ ಆ ತೊಟ್ಟಿಯೇ ಒಂದು ದೊಡ್ಡ ವಾದಕ್ಕೆ ಎಡೆಮಾಡಿತು. ಶವವೇ ಇಲ್ಲದ ಮೇಲೆ ಈ ಕಟ್ಟಡವನ್ನು ಸಮಾಧಿಯೆಂದು ನಂಬುವುದು ಹೇಗೆ? ಹೀಗೆ ಕೇಳಿದವರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಎಂಬಾತ ಮುಖ್ಯನಾದವನು. ಪುಸ್ತಕ ಪ್ರಕಾಶಕನಾಗಿದ್ದ ಈತನು ಈಜಿಪ್ಟನ್ನು ಕಣ್ಣಾರೆ ಕಂಡವನೇ ಅಲ್ಲ. ಆದರೂ 1859ರಲ್ಲಿ ಒಂದು ಗ್ರಂಥವನ್ನು ಬರೆದು, ಮಹಾ ಪಿರಮಿಡ್ಡು ದೈವಪ್ರೇರಣೆಯಿಂದ ನಿರ್ಮಿತವಾದ ಅಳತೆಗಳ ಭಂಡಾರವೆಂದು ವಾದಿಸಿದನು. ಅವನ ಮತದಲ್ಲಿ ಕಲ್ಲಿನ ತೊಟ್ಟಿಯು ಶವಪೆಟ್ಟಿಗೆಯಲ್ಲ, ಧಾನ್ಯವನ್ನಳೆಯುವ ಆದಿಮಾನ. ಸ್ಕಾಟ್ಲೆಂಡಿನ ರಾಜಖಗೋಲಜ್ಞನಾಗಿದ್ದ ಪಿಯಾಜಿ ಸ್ಮಿತ್ ಈ ವಾದವನ್ನು ಎತ್ತಿಕೊಂಡು ಬೆಳೆಸಿದನು. ಇಂಗ್ಲಿಷ್ ಅಂಗುಲಕ್ಕಿಂತ ಕೂದಲೆಳೆಯಷ್ಟು ದೊಡ್ಡದಾದ ಪಿರಮಿಡ್ ಅಂಗುಲವೊಂದಿತ್ತೆಂದೂ, ಅಂತಹ 25 ಅಂಗುಲಗಳ ಮೊಳದಿಂದ ಪಿರಮಿಡ್ಡಿನ ಬುಡದ ಒಂದು ಪಕ್ಕವನ್ನು ಅಳೆದರೆ ವರ್ಷದ ದಿನಗಳ ಸಂಖ್ಯೆಯಾದ 365.24 ಬರುತ್ತದೆಂದೂ ಅವನು ಸಾರಿದನು. ಫ್ರಾನ್ಸಿನ ಮೀಟರು ಪದ್ಧತಿ ತಮ್ಮ ನಾಡಿಗೆ ಬರಬಾರದೆಂದು ಹಟ ಹಿಡಿದಿದ್ದ ಇಂಗ್ಲಿಷರಿಗೆ ಈ ಮಾತು ಬಹಳ ಹಿಡಿಸಿತು. ತಮ್ಮ ಅಂಗುಲಕ್ಕೆ ದೇವರೇ ಸಾಕ್ಷಿಯಾದರೆ ಯಾರಿಗೆ ತಾನೆ ಸಂತೋಷವಾಗದು?

ಈ ಸಿದ್ಧಾಂತವನ್ನು ಮನಸಾರೆ ನಂಬಿದ್ದವರಲ್ಲಿ ವಿಲಿಯಂ ಪೆಟ್ರಿ ಎಂಬ ಇಂಜಿನಿಯರನೂ ಒಬ್ಬ. ಅವನು ದೈವಭಕ್ತ, ಸ್ಮಿತ್‌ನಿಗೆ ಆಪ್ತ. ಅವನ ಒಬ್ಬನೇ ಮಗನೇ ಮುಂದೆ ಈಜಿಪ್ಟಿನ ಪ್ರಾಕ್ತನಶಾಸ್ತ್ರಕ್ಕೆ ಭದ್ರವಾದ ತಳಹದಿಯನ್ನು ಹಾಕಿದ ಫ್ಲಿಂಡರ್ಸ್ ಪೆಟ್ರಿ. ಲಂಡನ್ನಿನ ಬಳಿಯ ಚಾರ್ಲ್‌ಟನ್ ಎಂಬಲ್ಲಿ 1853ರ ಜೂನ್ 3ರಂದು ಅವನು ಜನಿಸಿದನು. ಆಸ್ಟ್ರೇಲಿಯಾ ಖಂಡವನ್ನು ಹಡಗಿನಲ್ಲಿ ಸುತ್ತಿ ಅದರ ನಕ್ಷೆಯನ್ನು ಬರೆದ ಮ್ಯಾಥ್ಯೂ ಫ್ಲಿಂಡರ್ಸ್ ಅವನ ತಾಯಿಯ ತಂದೆ. ಬಾಲಕನು ಹುಟ್ಟಿನಿಂದ ದುರ್ಬಲ. ಉಬ್ಬಸದ ಕಾಟ ಬೇರೆ. ಆದುದರಿಂದ ಅವನು ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. ತಾಯಿ ಕೂಡಿಸಿಟ್ಟಿದ್ದ ಖನಿಜಗಳು, ಹಳೆಯ ಸಾಮಾನುಗಳ ಅಂಗಡಿಯಲ್ಲಿ ಸಿಗುತ್ತಿದ್ದ ನಾಣ್ಯಗಳು, ತಂದೆಯ ಅಳತೆಯ ಉಪಕರಣಗಳು ಇವೇ ಅವನ ಪಾಠಗಳಾದವು. ಎಂಟು ವರ್ಷದವನಿದ್ದಾಗ, ರೋಮನರ ಕಾಲದ ಮನೆಯೊಂದನ್ನು ಗುದ್ದಲಿಯಿಂದ ಒರಟಾಗಿ ಅಗೆದು ತೆಗೆದ ಸುದ್ದಿಯನ್ನು ಹಿರಿಯರು ಮಾತಾಡಿಕೊಳ್ಳುತ್ತಿದ್ದರಂತೆ. ಹುಡುಗನು ಅದನ್ನು ಕೇಳಿ ನೊಂದು, ಮಣ್ಣನ್ನು ಅಂಗುಲ ಅಂಗುಲವಾಗಿ ಕೆರೆದು ಒಳಗಿರುವುದೆಲ್ಲವನ್ನೂ ನೋಡಬೇಕಾಗಿತ್ತೆಂದು ವಾದಿಸಿದನಂತೆ.

ಹದಿಮೂರನೆಯ ವಯಸ್ಸಿನಲ್ಲಿ, ಎಂದರೆ 1866ರಲ್ಲಿ, ಸ್ಮಿತ್‌ನ ಗ್ರಂಥ ಅವನ ಕೈಗೆ ಬಂದಿತು. ತಂದೆಯೂ ಮಗನೂ ಕೂಡಿ ಅದನ್ನು ಓದಿದರು, ಚರ್ಚಿಸಿದರು, ಲೆಕ್ಕ ಹಾಕಿದರು. ಆದರೆ ಲೆಕ್ಕಕ್ಕೆ ಆಧಾರವಾದ ಅಳತೆಗಳು ಒಬ್ಬೊಬ್ಬರ ಗ್ರಂಥದಲ್ಲಿ ಒಂದೊಂದು ಬಗೆಯಾಗಿದ್ದವು. ಇಬ್ಬರೂ ಈಜಿಪ್ಟಿಗೆ ಹೋಗಿ ಪಿರಮಿಡ್ಡನ್ನು ತಾವೇ ಅಳೆದು, ಸಂಶಯಕ್ಕೆ ಎಡೆಯಿಲ್ಲದಂತೆ ಸಿದ್ಧಾಂತವನ್ನು ಸ್ಥಾಪಿಸಬೇಕೆಂದು ನಿಶ್ಚಯಿಸಿದರು. ವರ್ಷಗಳು ಉರುಳಿದವು. ಮಗನು ಇಂಗ್ಲೆಂಡಿನ ಊರೂರು ಅಲೆದು ಪ್ರಾಚೀನ ಕೋಟೆ, ಶಿಲಾವೃತ್ತಗಳನ್ನು ಅಳೆಯುತ್ತ ಕೈ ಪಳಗಿಸಿಕೊಂಡನು. ತಂದೆಯಾದರೋ ಉಪಕರಣಗಳನ್ನು ಸಿದ್ಧಪಡಿಸುವುದರಲ್ಲೇ ಕಾಲ ಕಳೆದು, ಪ್ರಯಾಣವನ್ನು ಮುಂದೂಡುತ್ತಲೇ ಬಂದನು. ಕೊನೆಗೆ 1880ರ ಚಳಿಗಾಲದಲ್ಲಿ ಇಪ್ಪತ್ತೇಳು ವರ್ಷದ ಮಗನು ಒಬ್ಬನೇ ಹಡಗು ಹತ್ತಿದನು. ತಂದೆ ಎಂದೂ ಅಲ್ಲಿಗೆ ಹೋಗಲೇ ಇಲ್ಲ.

ಗೀಜಾದಲ್ಲಿ ಪೆಟ್ರಿಯ ವಾಸ ಬಂಡೆಯಲ್ಲಿ ಕೊರೆದ ಒಂದು ಹಳೆಯ ಗೋರಿಯೊಳಗೆ. ಡಬ್ಬಿಯ ಆಹಾರ, ಒಂದು ಸಣ್ಣ ಒಲೆ, ಪೆಟ್ಟಿಗೆಗಳ ತುಂಬ ಉಪಕರಣಗಳು ಇಷ್ಟೇ ಅವನ ಸಂಸಾರ. ಆ ಊರಿನ ಅಲಿ ಗಾಬ್ರಿ ಎಂಬ ಅನುಭವಶಾಲಿ ಅವನಿಗೆ ನೆರವಾದನು. ಹಿಂದೆ ಸ್ಮಿತ್‌ನಿಗೂ ನೆರವಾಗಿದ್ದವನು ಇವನೇ. ಹಗಲಿನಲ್ಲಿ ಪ್ರವಾಸಿಗಳ ಗದ್ದಲ. ಅವರನ್ನು ದೂರವಿಡಲು ಪೆಟ್ರಿ ಒಂದು ಉಪಾಯ ಕಂಡುಕೊಂಡನು: ಗುಲಾಬಿ ಬಣ್ಣದ ಒಳ ಅಂಗಿ ಚಡ್ಡಿಗಳಷ್ಟನ್ನೇ ತೊಟ್ಟು ಪಿರಮಿಡ್ಡಿನ ಸುತ್ತ ಓಡಾಡತೊಡಗಿದನು. ಮರ್ಯಾದಸ್ಥ ಪ್ರವಾಸಿಗಳು, ಅದರಲ್ಲಿಯೂ ಮಹಿಳೆಯರು, ಈ ವಿಚಿತ್ರ ಪ್ರಾಣಿಯನ್ನು ಕಂಡು ದೂರದಿಂದಲೇ ಹೊರಟುಹೋಗುತ್ತಿದ್ದರು. ಪಿರಮಿಡ್ಡಿನ ಒಳಗಿನ ಕೆಲಸವೆಲ್ಲ ಸಂಜೆಯಾದ ಮೇಲೆ. ಉಸಿರು ಕಟ್ಟುವ ಸೆಖೆಯಲ್ಲಿ, ಧೂಳಿನಲ್ಲಿ, ಬಟ್ಟೆಗಳನ್ನು ಕಳಚಿಟ್ಟು ಅರ್ಧರಾತ್ರಿಯವರೆಗೆ ಅವನು ದೀಪದ ಬೆಳಕಿನಲ್ಲಿ ಅಳೆಯುತ್ತಿದ್ದನು.

ಬುಡದ ಅಳತೆ ಸುಲಭವಾಗಿರಲಿಲ್ಲ. ಪಿರಮಿಡ್ಡಿನ ಹೊರಮೈಯನ್ನು ಹಿಂದೆ ಮುಚ್ಚಿದ್ದ ನುಣುಪಾದ ಸುಣ್ಣಕಲ್ಲುಗಳನ್ನು ನಂತರದ ಕಾಲದ ಜನರು ಕಿತ್ತೊಯ್ದಿದ್ದರು. ಉಳಿದ ಕಲ್ಲುಚೂರುಗಳು ನಾಲ್ಕು ಪಕ್ಕಗಳಲ್ಲಿಯೂ ದಿಬ್ಬಗಳಾಗಿ ಬಿದ್ದು ನಿಜವಾದ ಬುಡವನ್ನು ಮರೆಮಾಡಿದ್ದವು. ಮೂಲೆಗಳಲ್ಲಿ ಬಂಡೆಯೊಳಗೆ ಕಡಿದ ನಾಲ್ಕು ಗುಳಿಗಳು ಮಾತ್ರ ಕಾಣುತ್ತಿದ್ದವು. ಹಿಂದಿನವರು ಗುಳಿಯಿಂದ ಗುಳಿಗೆ ಅಳೆದು ಅದನ್ನೇ ಬುಡದ ಉದ್ದವೆಂದು ತಿಳಿದಿದ್ದರು. ಪೆಟ್ರಿ ಮೂರು ಪಿರಮಿಡ್ಡುಗಳ ಸುತ್ತಲೂ ಗುರುತುಗಳನ್ನು ನೆಟ್ಟು, ಥಿಯೋಡೊಲೈಟಿನಿಂದ ಕೋನಗಳನ್ನು ಮತ್ತೆ ಮತ್ತೆ ನೋಡಿ ತ್ರಿಕೋನಗಳ ಒಂದು ಜಾಲವನ್ನೇ ಹೆಣೆದನು. ಪಕ್ಕಗಳ ನಡುವೆ ದಿಬ್ಬಗಳನ್ನು ತೋಡಿಸಿ, ಸ್ವಸ್ಥಾನದಲ್ಲೇ ಉಳಿದಿದ್ದ ಹೊರಗಲ್ಲುಗಳ ಅಂಚನ್ನು ಹುಡುಕಿದನು. ಆಗ ಒಂದು ಸಂಗತಿ ಹೊರಬಿದ್ದಿತು. ಗುಳಿಗಳು ನೆಲಗಟ್ಟಿಗಿಂತ ತಗ್ಗಿನಲ್ಲಿದ್ದವು. ಪಿರಮಿಡ್ಡಿನ ಪಕ್ಕಗಳು ಇಳಿಜಾರಾದುದರಿಂದ, ನೆಲಗಟ್ಟಿನ ಮಟ್ಟದಲ್ಲಿ ಬುಡವು ಗುಳಿಗಳ ನಡುವಿನ ದೂರಕ್ಕಿಂತ ಚಿಕ್ಕದಾಗಿತ್ತು. ಸ್ಮಿತ್‌ನ ಸಿದ್ಧಾಂತ ನಿಲ್ಲಬೇಕಾದರೆ ಒಂದು ಪಕ್ಕವು ಸುಮಾರು 9140 ಇಂಗ್ಲಿಷ್ ಅಂಗುಲಗಳಿರಬೇಕು. ಪೆಟ್ರಿಗೆ ದೊರೆತ ಸರಾಸರಿ 9069 ಅಂಗುಲ, ಎಂದರೆ ಸುಮಾರು 230.35 ಮೀಟರು. ವ್ಯತ್ಯಾಸವು ಒಬ್ಬ ಎತ್ತರದ ಮನುಷ್ಯನ ಉದ್ದದಷ್ಟು! ವರ್ಷದ ದಿನಗಳ ಲೆಕ್ಕವೆಲ್ಲ ಅಲ್ಲಿಗೆ ಕುಸಿಯಿತು. 1925ರಲ್ಲಿ ಇನ್ನೂ ಉತ್ತಮ ಸಾಧನಗಳಿಂದ ಮಾಡಿದ ಮೋಜಣಿಯಲ್ಲಿ ಬಂದ ಸರಾಸರಿಗೂ ಪೆಟ್ರಿಯ ಸರಾಸರಿಗೂ ನಡುವೆ ಎರಡು ಸೆಂಟಿಮೀಟರಿನಷ್ಟೂ ಅಂತರವಿಲ್ಲ.

ಪಿರಮಿಡ್ ಅಂಗುಲದ ಬದಲು ಪೆಟ್ರಿಗೆ ಸಿಕ್ಕಿದ್ದು ಈಜಿಪ್ಟಿನವರ ಸ್ವಂತ ಮೊಳ. ಸುಮಾರು 52 ಸೆಂಟಿಮೀಟರಿನ ಆ ಅರಸು ಮೊಳದಿಂದ ಅಳೆದರೆ ಬುಡದ ಪಕ್ಕ 440 ಮೊಳ. ಗ್ರಾನೈಟ್ ಕೋಣೆ 20 ಮೊಳ ಉದ್ದ, 10 ಮೊಳ ಅಗಲ. ಕಲ್ಲಿನ ತೊಟ್ಟಿಯನ್ನೂ ಅವನು ಬಿಡಲಿಲ್ಲ. ಅದರ ಮೈಮೇಲೆ ಗರಗಸದ ಗೆರೆಗಳಿದ್ದವು. ಒಂದೆಡೆ ಗರಗಸವು ತಪ್ಪಿ ಆಳಕ್ಕೆ ಹೋದುದನ್ನು ಕಂಡು ಕೆಲಸಗಾರರು ಹಿಂದೆಗೆದು ಮತ್ತೆ ಕೊಯ್ದಿದ್ದರು. ಲೋಕಕ್ಕೆಲ್ಲ ಮಾದರಿಯಾಗಬೇಕಾದ ಅಳತೆಯ ಪಾತ್ರೆಯನ್ನು ಯಾರೂ ಹೀಗೆ ಅಂಕುಡೊಂಕಾಗಿ ಮಾಡುವುದಿಲ್ಲ. ಅಲ್ಲದೆ ತೊಟ್ಟಿಯು ಮೇಲೇರುವ ಓಣಿಯ ಬಾಯಿಗಿಂತ ಅಗಲವಾಗಿತ್ತು; ಆದುದರಿಂದ ಕೋಣೆಗೆ ಮಾಡು ಹಾಕುವ ಮುನ್ನವೇ ಅದನ್ನು ಒಳಗಿರಿಸಿರಬೇಕು. ಇನ್ನೊಂದೆಡೆ, ಹೊರಗಲ್ಲುಗಳ ಸಂದುಗಳನ್ನು ಕಂಡು ಅವನು ಬೆರಗಾದನು. ಟನ್ನುಗಟ್ಟಲೆ ತೂಕದ ಕಲ್ಲುಗಳ ನಡುವಣ ಸಂದು ಅರ್ಧ ಮಿಲಿಮೀಟರಿನಷ್ಟು ಮಾತ್ರ! ಅದೇ ಸಮಯದಲ್ಲಿ ಅಲ್ಲಿಗೆ ಬಂದಿದ್ದ ಆ ಸಿದ್ಧಾಂತದ ಅನುಯಾಯಿಯೊಬ್ಬನು, ಒಳಗಿನ ಕಲ್ಲಿನ ಉಬ್ಬೊಂದು ತನ್ನ ಲೆಕ್ಕಕ್ಕೆ ಹೊಂದಲಿಲ್ಲವೆಂದು ಅದನ್ನು ಅರದಿಂದ ಉಜ್ಜುತ್ತಿದ್ದುದನ್ನು ಪೆಟ್ರಿ ಕಂಡನು.

ಪೆಟ್ರಿ ತಾನು ಕಂಡದ್ದನ್ನು ಮರೆಮಾಚಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕೊಟ್ಟ 100 ಪೌಂಡುಗಳ ನೆರವಿನಿಂದ 1883ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ತಂದೆ ಮಗನನ್ನು ಯಾವ ಸಿದ್ಧಾಂತಕ್ಕಾಗಿ ಅಣಿಗೊಳಿಸಿದ್ದನೋ, ಮನೆಯ ಆಪ್ತನು ಯಾವುದಕ್ಕಾಗಿ ತನ್ನ ಕೀರ್ತಿಯನ್ನೇ ಪಣವಿಟ್ಟಿದ್ದನೋ ಆ ಸಿದ್ಧಾಂತವು ಅದರ ಪುಟಗಳಲ್ಲಿ ಅಂಕಿಗಳ ಭಾರಕ್ಕೆ ಮುರಿದುಬಿದ್ದಿತು. ಸ್ಮಿತ್‌ನು ಮಾತ್ರ ತನ್ನ ನಂಬಿಕೆಯನ್ನು ಬಿಡಲಿಲ್ಲ. 1900ರಲ್ಲಿ ಅವನು ತೀರಿಕೊಂಡಾಗ ಇಂಗ್ಲೆಂಡಿನ ಶಾರೋ ಎಂಬ ಹಳ್ಳಿಯಲ್ಲಿ ಅವನನ್ನು ಹೂಳಿದರು. ಮಹಾ ಪಿರಮಿಡ್ಡು ಸಮಾಧಿಯಲ್ಲವೆಂದು ಬಾಳೆಲ್ಲ ವಾದಿಸಿದ ಅವನ ಸಮಾಧಿಯ ಮೇಲೆ ಪಿರಮಿಡ್ಡಿನ ಆಕಾರದ ಕಲ್ಲೇ ನಿಂತಿದೆ.

ಆದರೆ ಒಂದು ಸಿದ್ಧಾಂತ ಬಿದ್ದೊಡನೆ ಇನ್ನೊಂದು ತಾನಾಗಿಯೇ ನಿಲ್ಲುವುದಿಲ್ಲ. ಪಿರಮಿಡ್ಡು ಅರಸರ ಸಮಾಧಿಯೆಂಬುದಕ್ಕೂ ಸಾಕ್ಷ್ಯ ಬೇಕಷ್ಟೆ. ಆ ಸಾಕ್ಷ್ಯದ ಒಂದು ಭಾಗವನ್ನು ಪೆಟ್ರಿ 1889ರಲ್ಲಿ ಹವಾರಾ ಎಂಬಲ್ಲಿ ಕೆಸರಿನಿಂದ ಹೆಕ್ಕಿ ತೆಗೆದನು. ಖುಫುವಿನ ಕಾಲಕ್ಕಿಂತ ಏಳು ಶತಮಾನಗಳಷ್ಟು ಈಚಿನ ಆ ಪಿರಮಿಡ್ಡಿನ ಒಡಲು ಹಸಿ ಇಟ್ಟಿಗೆಯದು. ದ್ವಾರವನ್ನು ವಾಡಿಕೆಯಂತೆ ಉತ್ತರದಲ್ಲಿ ಹುಡುಕಿದರೆ ಸಿಗಲಿಲ್ಲ. ಕಳ್ಳರ ಕಣ್ಣು ತಪ್ಪಿಸಲು ಅದನ್ನು ದಕ್ಷಿಣದಲ್ಲಿ ಇರಿಸಿದ್ದರು. ಪೆಟ್ರಿ ಇಟ್ಟಿಗೆಯ ರಾಶಿಯಲ್ಲಿ ಸುರಂಗ ಕೊರೆಸಿ ಎರಡನೆಯ ವರ್ಷದ ಕೆಲಸದಲ್ಲಿ ನಡುವಣ ಕೋಣೆಯನ್ನು ಮುಟ್ಟಿದನು. ನೂರು ಟನ್ನುಗಳಿಗೂ ಮಿಕ್ಕಿದ ಒಂದೇ ಬಂಡೆಯನ್ನು ತೊಟ್ಟಿಯಂತೆ ತೋಡಿ ಮಾಡಿದ ಕೋಣೆಯದು. ಒಳಗೆ ಅಂತರ್ಜಲ ನುಗ್ಗಿ ನಿಂತಿತ್ತು. ಕಳ್ಳರು ಸಾವಿರಾರು ವರ್ಷಗಳ ಹಿಂದೆಯೇ ಬಂದುಹೋಗಿದ್ದರು. ಕತ್ತಲಲ್ಲಿ, ಉಪ್ಪುನೀರಿನಲ್ಲಿ ಮುಳುಗಿ ಏಳುತ್ತ ತಡಕಾಡಿದಾಗ ಸುಟ್ಟ ಮೂಳೆಯ ಚೂರುಗಳು ದೊರೆತವು. ಒಡೆದ ಪಾತ್ರೆಯ ತುಂಡಿನ ಮೇಲೆ ಅಮೆನೆಮ್ಹೇತ್ ಎಂಬ ಅರಸನ ಹೆಸರಿತ್ತು. ಅರಸನು ಅಲ್ಲಿ ಮಲಗಿದ್ದನು. ಅವನನ್ನು ಅಲ್ಲಿ ಉಳಿಯಗೊಡಲಿಲ್ಲ, ಅಷ್ಟೆ.

ಮೇದುಮ್ ಎಂಬಲ್ಲಿ 1891ರಲ್ಲಿ ಅವನು ಪಿರಮಿಡ್ಡಿಗೆ ತಾಗಿದ್ದ ಪೂಜಾಮಂದಿರವನ್ನು ಬೆಳಕಿಗೆ ತಂದನು. ಲಹೂನಿನ ಪಿರಮಿಡ್ಡಿನ ಒಳಗಿನ ಕಸದಲ್ಲಿ 1920ರಲ್ಲಿ ಅವನ ತಂಡಕ್ಕೆ ಒಂದು ಚಿನ್ನದ ಹೆಡೆಹಾವು ಸಿಕ್ಕಿತು. ಅದು ಅರಸನ ಹಣೆಯ ಮೇಲಿನ ಕಿರೀಟಲಾಂಛನ. ಅಬೈಡಾಸಿನಲ್ಲಿ ಪಿರಮಿಡ್ಡುಗಳಿಗಿಂತಲೂ ಹಳೆಯ ಅರಸರ ಗೋರಿಗಳನ್ನು ಬೇರೊಬ್ಬ ವಿದ್ವಾಂಸನು ಅಗೆದು ಬಿಟ್ಟುಹೋಗಿದ್ದನು. ಆ ಕಸವನ್ನು ಪೆಟ್ರಿ ಜರಡಿ ಹಿಡಿದನು. ಗೋಡೆಯ ಬಿರುಕಿನಲ್ಲಿ ಕಳ್ಳನೊಬ್ಬನು ಎಂದೋ ತುರುಕಿದ್ದ ತೋಳೊಂದು 1901ರಲ್ಲಿ ದೊರೆಯಿತು. ಬಟ್ಟೆ ಸುತ್ತಿದ ಆ ತೋಳಿನ ಮೇಲೆ ನಾಲ್ಕು ಕೈಬಳೆಗಳಿದ್ದವು. ವಸ್ತುಸಂಗ್ರಹಾಲಯದವರು ಬಳೆಗಳನ್ನಿಟ್ಟುಕೊಂಡು ತೋಳನ್ನು ಎಸೆದುಬಿಟ್ಟರು. ಅಂದಿನ ಸಂಗ್ರಹಾಲಯಗಳಿಗೆ ಚಿನ್ನ ಕಾಣುತ್ತಿತ್ತು. ಒಡೆದ ಮಡಕೆ, ಮೂಳೆ, ಬಟ್ಟೆಯ ಚೂರು ಕಾಣುತ್ತಿರಲಿಲ್ಲ. ಪೆಟ್ರಿ ಮಡಕೆಚೂರುಗಳನ್ನು ಆಕಾರಕ್ಕನುಗುಣವಾಗಿ ಹೊಂದಿಸಿ, ಬರಹವೇ ಇಲ್ಲದ ಕಾಲದ ಗೋರಿಗಳಿಗೆ ಹಿಂದುಮುಂದಿನ ಕ್ರಮವನ್ನು ಕಟ್ಟಿದನು. ಶಾಲೆಯನ್ನೇ ಕಾಣದ ಈತನು 1892ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು.

ಅವನೂ ಎಡವಿದವನೇ. ನಕಾದಾ ಎಂಬಲ್ಲಿ ಎರಡು ಸಾವಿರದಷ್ಟು ಗೋರಿಗಳನ್ನು ಅಗೆದು, ಅವು ಹೊರಗಿನಿಂದ ನುಗ್ಗಿಬಂದ ಹೊಸ ಜನಾಂಗದವೆಂದು ಸಾರಿದನು. ಅವು ಈಜಿಪ್ಟಿನವರ ಪೂರ್ವಜರದೇ ಎಂದು ಫ್ರಾನ್ಸಿನ ದ ಮೋರ್ಗನ್ ತೋರಿಸಿದಾಗ ಪೆಟ್ರಿ ತನ್ನ ತಪ್ಪನ್ನು ಒಪ್ಪಿಕೊಂಡನು. ಆದರೆ ತಲೆಬುರುಡೆಗಳ ಅಳತೆಯಿಂದ ಜನಾಂಗಗಳ ಮೇಲುಕೀಳನ್ನು ಎಣಿಸುವ ಅಂದಿನ ಯುರೋಪಿನ ಗೀಳು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಕಲ್ಲನ್ನು ಅಷ್ಟು ನಿಷ್ಪಕ್ಷಪಾತವಾಗಿ ಅಳೆದ ಕೈ ಮನುಷ್ಯರ ವಿಷಯದಲ್ಲಿ ತಪ್ಪಿತು.

ಖುಫುವಿನ ತೊಟ್ಟಿ ಇಂದಿಗೂ ಬರಿದಾಗಿಯೇ ಇದೆ. ಆದರೆ ಅದರ ಮೇಲ್ಗಡೆಯ ಮುಚ್ಚಿದ ಕಿರುಗೋಣೆಗಳಲ್ಲಿ ಕೆಲಸಗಾರರು ಕೆಂಪು ಬಣ್ಣದಲ್ಲಿ ಬರೆದ ಅರಸನ ಹೆಸರು 1837ರಲ್ಲೇ ಕಂಡುಬಂದಿತ್ತು. ಪಿರಮಿಡ್ಡಿನ ಸುತ್ತ ಅವನ ಬಂಧುಗಳ, ಅಧಿಕಾರಿಗಳ ಗೋರಿಗಳ ಸಾಲುಗಳಿವೆ. ಪೆಟ್ರಿ ಗೀಜಾದಲ್ಲಿದ್ದ 1881ರಲ್ಲೇ, ಸಮೀಪದ ಸಕ್ಕಾರಾದ ಪಿರಮಿಡ್ಡುಗಳ ಗೋಡೆಗಳ ಮೇಲೆ ಮೃತ ಅರಸನನ್ನು ಪರಲೋಕಕ್ಕೆ ಕಳುಹುವ ಮಂತ್ರಗಳು ದೊರೆತವು. ಖುಫುವಿನ ಪಿರಮಿಡ್ಡಿಗೆ ದೋಣಿಗಳಲ್ಲಿ ಸುಣ್ಣಕಲ್ಲು ಸಾಗಿಸಿದ ಮೇರೆರ್ ಎಂಬ ಅಧಿಕಾರಿಯ ದಿನಚರಿ 2013ರಲ್ಲಿ ಕೆಂಪು ಸಮುದ್ರದ ತೀರದಲ್ಲಿ ಸಿಕ್ಕಿತು. ಹೀಗಿದ್ದರೂ ಪ್ರಶ್ನೆಗಳು ಪೂರ್ತಿ ಮುಗಿದಿಲ್ಲ. ಖುಫುವಿನ ತಂದೆ ಸ್ನೆಫ್ರು ಮೂರು ದೊಡ್ಡ ಪಿರಮಿಡ್ಡುಗಳಲ್ಲಿ ಕೈಯಿಟ್ಟನು. ಒಬ್ಬನು ಮೂರರಲ್ಲಿ ಮಲಗಲಾರನು. ಪಿರಮಿಡ್ಡೆಂದರೆ ಶವವಿರಿಸುವ ಪೆಟ್ಟಿಗೆ ಮಾತ್ರವಲ್ಲ; ಮಂದಿರ, ಹಾದಿ, ಪೂಜೆಗಳೊಡನೆ ಸತ್ತ ಅರಸನನ್ನು ದೇವರಾಗಿಸುವ ಏರ್ಪಾಡು ಎಂದು ವಿದ್ವಾಂಸರು ಅದನ್ನು ಅರಿಯುತ್ತಾರೆ.

ಪೆಟ್ರಿ ಮುಪ್ಪಿನಲ್ಲಿಯೂ ಅಗೆಯುವುದನ್ನು ಬಿಡಲಿಲ್ಲ. ಅವನಿಗೆ 1923ರಲ್ಲಿ ಸರ್ ಪದವಿ ಬಂದಿತು. ಅನಂತರ ಪ್ಯಾಲೆಸ್ಟೀನಿನಲ್ಲಿ ಪತ್ನಿ ಹಿಲ್ಡಾಳೊಡನೆ ಡೇರೆಗಳಲ್ಲಿ ಬಾಳಿ, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ 1942ರ ಜುಲೈ 28ರಂದು ಜೆರೂಸಲೇಮಿನಲ್ಲಿ ತೀರಿಕೊಂಡನು. ತನ್ನ ತಲೆಯನ್ನು ಅವನು ಲಂಡನ್ನಿನ ಶಸ್ತ್ರವೈದ್ಯರ ಸಂಸ್ಥೆಗೆ ಅಧ್ಯಯನಕ್ಕೆಂದು ದಾನ ಮಾಡಿದ್ದನು. ಮಹಾಯುದ್ಧದ ಕಾರಣ ಅದು ತಡವಾಗಿ ಅಲ್ಲಿಗೆ ತಲುಪಿತು. ದೇಹವನ್ನು ಜೆರೂಸಲೇಮಿನ ಜಿಯಾನ್ ಬೆಟ್ಟದ ಮೇಲೆ ಹೂಳಿದರು. ಅಲ್ಲಿರುವುದು ಒಂದು ಸರಳವಾದ ಕಲ್ಲು. ಅದರ ಮೇಲೆ ಅವನ ಹೆಸರು, ಮತ್ತು ಜೀವವೆಂಬ ಅರ್ಥವುಳ್ಳ ಈಜಿಪ್ಟಿನ ಒಂದು ಲಿಪಿಚಿಹ್ನೆ.