ಕಿಡಿಯ ಜಾಡು ಹಿಡಿದು ಗಣಿಗಿಳಿದ ಫ್ಯಾರಡೆ

ಮೈಕೆಲ್ ಫ್ಯಾರಡೆ ಎಂದೊಡನೆ ವಿದ್ಯುತ್ತು, ಅಯಸ್ಕಾಂತಗಳು ನೆನಪಾಗುವುದು ಸಹಜ. ನನ್ನನ್ನು ಕಾಡುವುದು ಮಾತ್ರ ಅವರು 1844ರಲ್ಲಿ ಇಳಿದ ಒಂದು ಕಲ್ಲಿದ್ದಲು ಗಣಿ.

ಲಂಡನ್ನಿನ ಬಡ ಕಮ್ಮಾರನ ಮನೆಯಲ್ಲಿ 1791ರಲ್ಲಿ ಹುಟ್ಟಿ, ಪುಸ್ತಕಗಳಿಗೆ ರಟ್ಟು ಕಟ್ಟುತ್ತಲೇ ವಿಜ್ಞಾನ ಓದಿಕೊಂಡ ಫ್ಯಾರಡೆ, 1813ರಲ್ಲಿ ಹಂಫ್ರಿ ಡೇವಿಯವರ ಸಹಾಯಕರಾದರು. 1815ರಲ್ಲಿ ಡೇವಿ ಗಣಿಗಳಿಗಾಗಿ ಸುರಕ್ಷಾ ದೀಪವನ್ನು ರೂಪಿಸಿದಾಗ ಪ್ರಯೋಗಾಲಯದಲ್ಲಿ ನೆರವಾದವರೂ ಅವರೇ. ಜ್ವಾಲೆಯ ಸುತ್ತಲಿನ ತಂತಿಬಲೆ ಶಾಖವನ್ನು ಹೀರಿಕೊಂಡು, ಹೊರಗಿನ ಮೀಥೇನಿಗೆ ಬೆಂಕಿ ತಗುಲದಂತೆ ತಡೆಯುವುದು ಆ ದೀಪದ ತತ್ತ್ವ.

ಅಂಥ ದೀಪಗಳಿದ್ದೂ 1844ರ ಸೆಪ್ಟೆಂಬರ್ 28ರಂದು ಡರ್ಹಮ್ ಪ್ರಾಂತ್ಯದ ಹ್ಯಾಸ್ವೆಲ್ ಗಣಿ ಸಿಡಿದು 95 ಮಂದಿ ಸತ್ತರು. ಅವರಲ್ಲಿ ಬಾಲಕರೂ ಇದ್ದರು. ಕಾರ್ಮಿಕರ ಪರ ವಕೀಲರು ಒತ್ತಾಯಿಸಿದ ಮೇಲೆ ಸರ್ಕಾರ ಫ್ಯಾರಡೆಯವರನ್ನೂ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಅವರನ್ನೂ ತನಿಖೆಗೆ ಕಳುಹಿಸಿತು.

ಗಣಿಯೊಳಗೆ ಗಾಳಿಯ ವೇಗವನ್ನು ಹೇಗೆ ಅಳೆಯುತ್ತೀರೆಂದು ಫ್ಯಾರಡೆ ವಿಚಾರಿಸಿದರು. ಅಲ್ಲಿದ್ದವರೊಬ್ಬರು ನಶ್ಯದಂತೆ ಚಿಟಿಕೆ ಮದ್ದಿನ ಪುಡಿ ತೆಗೆದು ಮೇಣದಬತ್ತಿಯ ಮೇಲೆ ಉದುರಿಸಿ, ಹೊಗೆ ಸಾಗುವ ರೀತಿಯನ್ನು ತೋರಿಸಿದರು. ಮದ್ದಿನ ಚೀಲವನ್ನು ಎಲ್ಲಿಟ್ಟಿದ್ದೀರೆಂದು ಕೇಳಿದಾಗ, ತಾವು ಕುಳಿತಿರುವುದೇ ಅದರ ಮೇಲೆಂಬುದು ಅವರಿಗೆ ತಿಳಿಯಿತು! ಲಯೆಲ್ ದಾಖಲಿಸಿರುವ ಈ ಪ್ರಸಂಗ ನಗು ತರಿಸುವಂಥದೇ. ಆದರೆ ಆ ಗಣಿಯ ಅಜಾಗರೂಕತೆಗೆ ಬೇರೆ ಸಾಕ್ಷಿ ಬೇಕಿಲ್ಲ.

ಕಿಡಿ ಎಲ್ಲಿ ಹುಟ್ಟಿತೆಂಬುದಕ್ಕೇ ಅವರ ಶೋಧ ನಿಲ್ಲಲಿಲ್ಲ. ಆಧಾರದ ಕಂಬಗಳ ಒಂದು ಮಗ್ಗುಲಿಗೆ, ಸ್ಫೋಟ ಬಂದ ದಿಕ್ಕಿನತ್ತ, ಕಲ್ಲಿದ್ದಲಿನ ಧೂಳು ಬೆಂದು ಹೆಪ್ಪುಗಟ್ಟಿತ್ತು. ಪರೀಕ್ಷಿಸಿದಾಗ ಅದು ತನ್ನಲ್ಲಿದ್ದ ಅನಿಲದ ಬಹುಪಾಲನ್ನು ಕಳೆದುಕೊಂಡಿತ್ತು. ಮೀಥೇನ್ ಹೊತ್ತಿಕೊಂಡು ಎಬ್ಬಿಸಿದ ಧೂಳೇ ಉರಿದು ಜ್ವಾಲೆಯನ್ನು ಬೆಳೆಸಿತ್ತೆಂದು ಇಬ್ಬರೂ ತೀರ್ಮಾನಿಸಿದರು. ನೆಲದ ಮೇಲೆ ನಿರುಪದ್ರವಿಯಂತೆ ಬಿದ್ದಿದ್ದ ಪುಡಿಯನ್ನು ಅವರು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ್ದರು.

ಮರಣ ವಿಚಾರಣೆಯ ಪಂಚರು ಇದನ್ನು ಆಕಸ್ಮಿಕವೆಂದರು. ಫ್ಯಾರಡೆಯವರೂ ಅದನ್ನು ಒಪ್ಪಿದರು. ಮದ್ದಿನ ಚೀಲದ ಮೇಲೆ ಕುಳಿತೆದ್ದವರು ಮಾಲೀಕರ ಬಗ್ಗೆ ಇಷ್ಟು ಮೃದುವಾದದ್ದು ನನಗೆ ಇಂದಿಗೂ ಒಗಟು. ಕಲ್ಲಿದ್ದಲು ತೆಗೆದು ಬಿಟ್ಟ ಪೊಳ್ಳುಗಳಿಂದ ಕೊಳವೆಗಳ ಮೂಲಕ ಅನಿಲವನ್ನು ಹೊರಸೆಳೆಯಬೇಕೆಂಬ ಅವರ ಸಲಹೆಯನ್ನು ಮಾಲೀಕರು ಕಾರ್ಯಸಾಧ್ಯವಲ್ಲವೆಂದು ತಳ್ಳಿಹಾಕಿದರು. ಧೂಳಿನ ಮಾತಂತೂ ದಶಕಗಳ ಕಾಲ ವರದಿಯಲ್ಲೇ ಉಳಿಯಿತು.

ಫ್ಯಾರಡೆ 1867ರಲ್ಲಿ ತೀರಿಕೊಂಡರು. 1906ರ ಮಾರ್ಚ್ 10ರಂದು ಫ್ರಾನ್ಸಿನ ಕುರಿಯೇರ್ ಗಣಿಯಲ್ಲಿ ಅದೇ ಕಲ್ಲಿದ್ದಲ ಧೂಳು ಹೊತ್ತಿಕೊಂಡು 1,099 ಮಂದಿಯನ್ನು ಬಲಿ ತೆಗೆದುಕೊಂಡಿತು.