ಪಾಚಿನಿಗೆ ತಡವಾಗಿ ಸಂದ ಬಾಕಿ

ಇಲ್ಲಿ ಮಸ್ಕತ್‌ನಲ್ಲಿ ರಜೆಯ ದಿನ ಬೆಳಿಗ್ಗೆ ಮೀನು ಮಾರುಕಟ್ಟೆಗೆ ಹೋದರೆ ನಮ್ಮ ಕರಾವಳಿಯ ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಊರಲ್ಲಿ ಸಿಗಡಿ ಕೆರೆ ಇರುವವರ ಬಾಯಲ್ಲಿ ವಿಬ್ರಿಯೊ ಎಂಬ ಹೆಸರೂ ಬರುತ್ತದೆ. ರಾತ್ರಿ ಕೆರೆಯ ಸಿಗಡಿ ಮಿಣುಕಿ, ಬೆಳಗಾಗುವಾಗ ಸತ್ತು ಬಿದ್ದಿರುವುದು ಈ ಕುಲದ ಒಂದು ಬ್ಯಾಕ್ಟೀರಿಯಾದಿಂದ. ಕಾಲರಾದ ರೋಗಾಣುವೂ ಇದೇ ಕುಲದ್ದು. ಅದನ್ನು ಮೊದಲು ಕಂಡವರು ಇಟಲಿಯ ಫಿಲಿಪ್ಪೊ ಪಾಚಿನಿ.

ಪಾಚಿನಿ ಹುಟ್ಟಿದ್ದು 1812ರಲ್ಲಿ, ಪಿಸ್ತೋಯಾ ಊರಿನಲ್ಲಿ. ತಂದೆ ಚಪ್ಪಲಿ ಹೊಲಿಯುವವರು. ಮಗ ಪಾದ್ರಿಯಾಗಲಿ ಎಂದಿದ್ದರಂತೆ, ಹುಡುಗ ವೈದ್ಯಕೀಯಕ್ಕೆ ಹೋದ. ವಿದ್ಯಾರ್ಥಿಯಾಗಿದ್ದಾಗಲೇ ಶವದ ಕೈ ಕೊಯ್ಯುವಾಗ ನರಗಳ ಮೇಲೆ ಸಣ್ಣ ಸಣ್ಣ ಗಂಟುಗಳನ್ನು ಕಂಡ. ಚರ್ಮಕ್ಕೆ ಒತ್ತಡ, ಕಂಪನ ತಿಳಿಯುವುದು ಅವುಗಳಿಂದ. ಇಂದಿಗೂ ಅವಕ್ಕೆ ಅವರದೇ ಹೆಸರು.

1854ರಲ್ಲಿ ಫ್ಲಾರೆನ್ಸ್‌ಗೆ ಕಾಲರಾ ಬಂತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪಾಚಿನಿ ಸತ್ತವರ ಕರುಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಬಾಗಿದ ಪುಟ್ಟ ಜೀವಿಗಳು ಲೆಕ್ಕವಿಲ್ಲದಷ್ಟು! ರೋಗಕ್ಕೆ ಇವೇ ಕಾರಣ, ಕರುಳಿನಿಂದ ನೀರು ಸೋರಿಹೋಗುವುದರಿಂದಲೇ ಸಾವು ಎಂದು ಅದೇ ವರ್ಷದಿಂದ ಬರೆಯುತ್ತಾ ಬಂದರು. ಕೆಟ್ಟ ಗಾಳಿಯಿಂದ ಕಾಲರಾ ಎಂದು ನಂಬಿದ್ದ ವೈದ್ಯರು ಕಿವಿಗೊಡಲಿಲ್ಲ. 1879ರಲ್ಲಿ, ಕೈಮೀರಿದ ರೋಗಿಗೆ ಒಂದು ಲೀಟರ್ ನೀರಿಗೆ 10 ಗ್ರಾಂ ಉಪ್ಪು ಬೆರೆಸಿ ರಕ್ತನಾಳಕ್ಕೆ ಕೊಡಿ ಎಂದೂ ಹೇಳಿದ್ದರು. ಇಂದಿನ ಸಲೈನ್ ಬಾಟಲಿ ಅದರಿಂದ ಬಹಳ ದೂರವೇನಿಲ್ಲ.

ಅವರು ಮದುವೆಯಾಗಲಿಲ್ಲ. ದುಡಿದದ್ದೆಲ್ಲ ಸಂಶೋಧನೆಗೆ ಮತ್ತು ಕಾಯಿಲೆಯಲ್ಲಿದ್ದ ಇಬ್ಬರು ಸಹೋದರಿಯರಿಗೆ ಹೋಯಿತು. ಪ್ರತಿ ತಿಂಗಳು ಊರಿಗೆ ಹಣ ಕಳುಹಿಸಿ ಉಳಿದದ್ದನ್ನು ಎಣಿಸುವ ನಮಗೆ ಈ ಖಾತೆ ಹೊಸದಲ್ಲ. 1883ರ ಜುಲೈ 9ರಂದು ತೀರಿಕೊಂಡಾಗ ಅವರ ಕೈಯಲ್ಲಿ ಕಾಸು ಇರಲಿಲ್ಲ. ಮುಂದಿನ ತಿಂಗಳೇ ಜರ್ಮನಿಯ ರಾಬರ್ಟ್ ಕಾಖ್ ಕಾಲರಾ ಹುಡುಕಿ ಈಜಿಪ್ಟಿಗೆ ಹೊರಟರು. ಅಲ್ಲಿಂದ ಕಲ್ಕತ್ತಕ್ಕೆ ಬಂದು 1884ರಲ್ಲಿ ರೋಗಾಣುವನ್ನು ಬೇರ್ಪಡಿಸಿದರು. ಹೆಸರು ಅವರದಾಯಿತು. ಕಾಖ್ ಅವರದೂ ಖರೇ ದುಡಿಮೆಯೇ, ಅದನ್ನು ಅಲ್ಲಗಳೆಯಲಾಗದು.

ಇಟಲಿಯಲ್ಲೇ 1893ರಲ್ಲಿ ಹಾವುಮೀನುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾವನ್ನು ಕಾನೆಸ್ಟ್ರೀನಿ ಎಂಬವರು ವರ್ಣಿಸಿದರು. ಅದೂ ವಿಬ್ರಿಯೊ ಎಂದು ಆಮೇಲೆ ತಿಳಿಯಿತು. ಕಾಲರಾದ ರೋಗಾಣು ಮನುಷ್ಯರ ಹೊಟ್ಟೆಯಲ್ಲಷ್ಟೇ ಅಲ್ಲ, ಅಳಿವೆಯ ಸವಳು ನೀರಿನಲ್ಲೂ ಸಣ್ಣ ಜಲಜೀವಿಗಳಿಗೆ ಅಂಟಿಕೊಂಡು ಬದುಕುತ್ತದೆ ಎಂಬುದು ಗೊತ್ತಾಗಲು ಇನ್ನೂ ಎಷ್ಟೋ ವರ್ಷ ಬೇಕಾಯಿತು.

1965ರಲ್ಲಿ ಬ್ಯಾಕ್ಟೀರಿಯಾಗಳಿಗೆ ಹೆಸರು ಗೊತ್ತುಮಾಡುವ ಅಂತರರಾಷ್ಟ್ರೀಯ ಸಮಿತಿ ಈ ರೋಗಾಣುವಿನ ಹೆಸರಿನ ಮುಂದೆ ಪಾಚಿನಿ 1854 ಎಂದು ಬರೆಯಿತು.