ಶಬ್ದಗಳ ಚರಿತ್ರೆ ಬರೆದ ಉಪಾಧ್ಯಾಯ

ಅರ್ಥ ತಿಳಿಯದ ಶಬ್ದ ಎದುರಾದಾಗ ನಿಘಂಟನ್ನು ತೆರೆಯುತ್ತೇವೆ. ಅರ್ಥ ಸಿಕ್ಕಿದೊಡನೆ ಮುಚ್ಚಿಡುತ್ತೇವೆ. ಅದರ ಹಿಂದಿನ ದುಡಿಮೆ ನಮ್ಮ ನೆನಪಿಗೆ ಬರುವುದು ಅಪರೂಪ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಯವರ ಜೀವನವೇ ಅಂತಹ ದುಡಿಮೆಯ ಕಥೆ.

ಮರ್ರೆಯವರು 1837ನೇ ಇಸವಿ ಫೆಬ್ರವರಿ 7ರಂದು ಸ್ಕಾಟ್ಲೆಂಡಿನ ಡೆನ್‌ಹೋಮ್ ಹಳ್ಳಿಯಲ್ಲಿ ಜನಿಸಿದರು. ತಂದೆ ದರ್ಜಿ. ಮುಂದೆ ಓದಿಸುವ ಅನುಕೂಲ ಮನೆಯಲ್ಲಿರಲಿಲ್ಲ. 14ನೇ ವಯಸ್ಸಿಗೇ ಹುಡುಗ ಶಾಲೆ ಬಿಟ್ಟ. ಆದರೆ ಓದು ಬಿಡಲಿಲ್ಲ. ಅನೇಕ ಭಾಷೆಗಳನ್ನು ಸ್ವಂತ ಪ್ರಯತ್ನದಿಂದ ಕಲಿತು, 17ನೇ ವಯಸ್ಸಿನಲ್ಲಿ ಸಹಾಯಕ ಉಪಾಧ್ಯಾಯರಾದರು. ಕಾಯಿಲೆ ಬಿದ್ದ ಪತ್ನಿಗಾಗಿ ಆ ಕೆಲಸ ಬಿಟ್ಟು ಲಂಡನ್ನಿಗೆ ಬಂದು ಬ್ಯಾಂಕಿನ ಗುಮಾಸ್ತರಾದರು. ಆದರೂ ಆಕೆ ಉಳಿಯಲಿಲ್ಲ. 1870ರಲ್ಲಿ ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಪಾಠ ಹೇಳತೊಡಗಿದರು.

1879ರಲ್ಲಿ ನಿಘಂಟಿನ ಹೊಣೆ ಅವರ ಹೆಗಲೇರಿತು. ಒಂದು ಶಬ್ದ ಯಾವ ಕಾಲದಲ್ಲಿ ಮೊದಲು ಕಾಣಿಸಿತು, ಅದರ ಅರ್ಥ ಹೇಗೆ ಬದಲಾಯಿತು ಎಂಬುದನ್ನು ಹಳೆಯ ಗ್ರಂಥಗಳ ವಾಕ್ಯಗಳಿಂದಲೇ ತೋರಿಸಬೇಕೆಂಬುದು ಸಂಕಲ್ಪ. ಅದಕ್ಕಾಗಿ ಸಾರ್ವಜನಿಕರಿಗೆ ಮನವಿ ಹೊರಟಿತು. ಪುಸ್ತಕ ಓದುವವರು ಒಂದು ಚೀಟಿಯಲ್ಲಿ ಶಬ್ದ, ಅದು ಬಂದ ವಾಕ್ಯ, ಗ್ರಂಥದ ಹೆಸರು, ಇಸವಿ ಬರೆದು ಕಳುಹಿಸಬೇಕು. ಹಿಂದಿನವರು ಸಂಗ್ರಹಿಸಿದ್ದ ಚೀಟಿಗಳೇ ಸುಮಾರು ಎರಡು ಟನ್ ಇದ್ದವು. ಒಂದು ಮೂಟೆಯಲ್ಲಿ ಸತ್ತ ಇಲಿಯೂ ಸಿಕ್ಕಿತಂತೆ!

ಮನೆಯ ತೋಟದಲ್ಲಿ ತಗಡಿನ ಕೊಠಡಿಯೊಂದು ಎದ್ದಿತು. ಅಲ್ಲಿ ಸಾವಿರಕ್ಕೂ ಮಿಕ್ಕಿದ ಗೂಡುಗಳಲ್ಲಿ ಚೀಟಿಗಳನ್ನು ಅಕಾರಾದಿಯಾಗಿ ಇಟ್ಟರು. ಎರಡನೆಯ ಮದುವೆಯಿಂದ ಹನ್ನೊಂದು ಮಕ್ಕಳು. ಅವರೂ ಚೀಟಿ ವಿಂಗಡಿಸಿ ಕೈಖರ್ಚಿನ ಕಾಸು ಸಂಪಾದಿಸುತ್ತಿದ್ದರು. ಇಷ್ಟು ಎಚ್ಚರವಿದ್ದರೂ 'ಬಾಂಡ್‌ಮೇಡ್', ಅಂದರೆ ದಾಸಿ, ಎಂಬ ಶಬ್ದದ ಚೀಟಿಗಳು ಎಲ್ಲೋ ಸೇರಿಹೋಗಿ, ಆ ಶಬ್ದವೇ ಅಚ್ಚಿನಲ್ಲಿ ಬಿಟ್ಟುಹೋಯಿತು. ಅದು ಸೇರಿದ್ದು 1933ರ ಪುರವಣಿಯಲ್ಲಿ.

ಹತ್ತು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಕೆಲಸ. ಐದು ವರ್ಷ ಕಳೆದು 1884ರಲ್ಲಿ ಹೊರಬಂದ ಮೊದಲ ಸಂಚಿಕೆ 'ಎ' ಅಕ್ಷರವನ್ನೂ ಮುಗಿಸಿರಲಿಲ್ಲ! ಮರುವರ್ಷ ಅವರು ಶಾಲೆಯ ಕೆಲಸ ಬಿಟ್ಟು ಆಕ್ಸ್‌ಫರ್ಡಿಗೆ ಹೋಗಿ ಪೂರ್ಣವಾಗಿ ಇದಕ್ಕೇ ಮುಡಿಪಾದರು. ಬರುವ ಹೋಗುವ ಪತ್ರಗಳು ಎಷ್ಟಿದ್ದವೆಂದರೆ, ಅಂಚೆ ಇಲಾಖೆ ಅವರ ಮನೆಯೆದುರೇ ಒಂದು ಅಂಚೆಪೆಟ್ಟಿಗೆ ನಿಲ್ಲಿಸಿತು. 1908ರಲ್ಲಿ 'ಸರ್' ಪದವಿ ಬಂದಿತು. ಮುಂದೆ ಬೇರೆ ಸಂಪಾದಕರು ಜೊತೆಗೂಡಿದರೂ ನಿಘಂಟಿನ ಸುಮಾರು ಅರ್ಧ ಭಾಗ ಅವರ ಕೈಯಿಂದಲೇ ಸಿದ್ಧವಾಯಿತು. 'ಟಿ' ಅಕ್ಷರದಲ್ಲಿ ದುಡಿಯುತ್ತಿದ್ದಾಗಲೇ, 1915ರ ಜುಲೈ 26ರಂದು, ಅವರು ತೀರಿಕೊಂಡರು. ನಾಲ್ಕು ಲಕ್ಷಕ್ಕೂ ಹೆಚ್ಚು ಶಬ್ದಗಳ ಆ ನಿಘಂಟು ಪೂರ್ಣಗೊಂಡದ್ದು 1928ರಲ್ಲಿ.

ವಿದ್ಯಾರ್ಥಿಗಳೇ, ಮುಗಿದ ಗ್ರಂಥವನ್ನು ಮರ್ರೆಯವರು ಕಾಣಲಿಲ್ಲ. ಆದರೆ ಕೆಲಸ ನಿಲ್ಲಲಿಲ್ಲ. ಗಡಿನಾಡಿನ ನಮ್ಮ ಮನೆಮಾತಿನಲ್ಲಿಯೂ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದ ಶಬ್ದಗಳುಂಟು. ಅವರು ಆಡಿದ ವಾಕ್ಯದೊಡನೆ ದಿನಕ್ಕೊಂದು ಶಬ್ದ ಬರೆದಿಡಿರಿ. ಅದಕ್ಕೆ ಬೇಕಾದದ್ದು ಒಂದು ಚೀಟಿ, ಒಂದಿಷ್ಟು ತಾಳ್ಮೆ.